ಕೆಂಪು ಗುರುತಿನ ಬಿಪಿ ಗಡಿಯಾರ

ಹೊನ್ನಾವರದ ನಮ್ಮ ಡಾಕ್ಟರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಎಡಗೈಯದೂ ಇದ್ದೀತು. ಎಪ್ಪತ್ತರ ದಶಕದ ಮಾತು; ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅವರು ಎಂಜಿನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಿದ್ದ ಚಿತ್ರವೂ ಕಣ್ಣ ಮುಂದಿದೆ, ಅದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬೇಕು. ಬಿಪಿ ಗಡಿಯಾರ ಮಾತ್ರ ಕಣ್ಣಾರೆ ಕಂಡದ್ದು.

ದವಾಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಹಳೆಯ ಕಾರಿತ್ತು. ಹಿಂದಿನ ಸೀಟು ಕಿತ್ತು ಹಗುರ ಮಾಡಿದ್ದರು. ಮದರಾಸಿನ ಹತ್ತಿರದ ಹಳೆಯ ವಿಮಾನಪಟ್ಟಿಯಲ್ಲಿ ಹವ್ಯಾಸಿಗಳ ಓಟಕ್ಕೆ ವರ್ಷಕ್ಕೊಮ್ಮೆ ಒಬ್ಬರೇ ಹೋಗುವರು, ಒಬ್ಬರೇ ಬರುವರು. ಮದುವೆಯಾಗಿರಲಿಲ್ಲ. ಒಮ್ಮೆ ಮೂರನೆಯವನಾಗಿ ಬಂದಿದ್ದೆ ಎಂದು ನನಗೆ ಹೇಳಿದ್ದರು. ನಾಲ್ಕನೆಯವನಾಗಿ ಎಂದು ನನ್ನ ತಾಯಿಗೆ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆಯಲ್ಲಿ ನಮ್ಮೂರು ಕುಮಟೆಯಿಂದ ಬಸ್ಸು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ. ಪೆಟ್ರೋಲಿನ ಒತ್ತಡದ ಕುರಿತು ಮಾತಾಡಲು ಅವರಿಗೆ ಬೇರೆ ಜನ ಇರಲಿಲ್ಲ. ಒತ್ತಡ ಹೆಚ್ಚಾದರೆ ಕಾರ್ಬೊರೇಟರು ಉಕ್ಕುತ್ತಿತ್ತು. ಕಡಿಮೆಯಾದರೆ ಭಟ್ಕಳದ ಕಡೆಯ ನೇರ ರಸ್ತೆಯಲ್ಲಿ ವೇಗ ಹಿಡಿದಾಗ ಎಂಜಿನ್ ಬಿಕ್ಕುತ್ತಿತ್ತು. ಪಂಪಿನ ಬುಡಕ್ಕೆ ಕಾಗದದ ಪ್ಯಾಕಿಂಗ್ ಸೇರಿಸಿದರೆ ಒತ್ತಡ ಇಳಿಯುವುದು, ತೆಗೆದರೆ ಏರುವುದು. ಅಳೆಯಲು ಅವರು ಪೆಟ್ರೋಲ್ ಪೈಪಿಗೊಂದು ಕವಲು ಕೂಡಿಸಿ, ರೋಗಿಗಳ ಬಿಪಿ ನೋಡುವ ಗಡಿಯಾರದ ರಬ್ಬರ್ ಕೊಳವೆಯನ್ನು ಅದಕ್ಕೆ ಸಿಕ್ಕಿಸುತ್ತಿದ್ದರು.

ಕಾರನ್ನು ತಟ್ಟಿ ಹೇಳುವರು: "ಇವಳಿಗೆ ಇವತ್ತು ಬಿಪಿ ಹೆಚ್ಚಾಗ್ಯದೆ. ಇನ್ನೊಂದು ಪ್ಯಾಕಿಂಗ್ ಹಾಕ್ವಾ."

"ಪೆಟ್ರೋಲ್ ಗಡಿಯಾರದ ಒಳಗೆ ಹೋದ್ರೆ ಎಂತ ಮಾಡ್ತ್ರಿ?"

"ಕೊಳವೆ ತುಂಬ ಗಾಳಿ ಅದೆ ಮಾರಾಯಾ. ಮುಳ್ಳಿನವರೆಗೆ ಬರೂದಿಲ್ಲ."

ಎಂಜಿನ್ ಬಿಕ್ಕದೆ ಓಡಿದ ದಿನ ಮುಳ್ಳು ನೂರೈವತ್ತರಲ್ಲಿತ್ತು. ದೋಣಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಕಡ್ಡಿ ಅದ್ದಿ ಅಲ್ಲೊಂದು ಗುರುತು ಮಾಡಿದರು. ಮರುದಿನ ಅದೇ ಗಡಿಯಾರ ದವಾಖಾನೆಯ ಮೇಜಿನ ಮೇಲೆ.

ಮೀನು ಮಾರುವ ಹೆಂಗಸೊಬ್ಬಳು ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತವಳು ಕೇಳಿದಳು: "ಇದೆಂತ ಕೆಂಪು, ಡಾಕ್ಟ್ರೇ?"

"ಅದು ನನ್ನ ಕಾರಿನ ಬಿಪಿ. ನಿಂದು ಅದನ್ನೂ ದಾಟಿ ಹೋಗ್ಯದೆ. ಉಪ್ಪು ಬಿಡು."

"ಕಾರಿಗೆ ಕಟ್ಟಿದ್ದು ನಂಗೆ ಕಟ್ತ್ರಾ? ಉಪ್ಪು ಬಿಡೂಕೆ ನಿಮ್ಮ ಕಾರಿಗೇ ಹೇಳಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ನಾನು ಅಲ್ಲಿದ್ದೆನೋ, ಆಮೇಲೆ ಕೇಳಿದೆನೋ, ಈಗ ಹೇಳಲಾರೆ. ಆದರೆ ಆ ತಮಾಷೆ ಕುಮಟೆ ಮುಟ್ಟುವಷ್ಟರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಪೆಟ್ರೋಲು ಹೋಗಿ ಗಡಿಯಾರ ಕೆಟ್ಟಿದೆ, ಡಾಕ್ಟರು ಕಂಡಕಂಡವರಿಗೆಲ್ಲ ಬಿಪಿ ಇದೆಯೆಂದು ಮಾತ್ರೆ ಕೊಡುತ್ತಾರೆ ಎಂದಾಗಿತ್ತು. ಉಪ್ಪು ಬಿಟ್ಟವರು ನೆಮ್ಮದಿಯಿಂದ ಮತ್ತೆ ಒಣಮೀನು ತಿನ್ನತೊಡಗಿದರು. ಅಂಥ ಸುದ್ದಿಯನ್ನು ನಂಬದಿರುವುದು ಕಷ್ಟ. ಬಿಪಿಯವರ ಹಿಂದೆ ಜ್ವರದವರೂ ದವಾಖಾನೆಗೆ ಬರುವುದು ಬಿಟ್ಟರು.

"ಹೊಸದೊಂದು ತನ್ನಿ," ಎಂದೆ.

"ಹೊಸದು ತಂದ್ರೆ ಹಳೇದು ಕೆಟ್ಟಿತ್ತು ಅಂತ ನಾನೇ ಒಪ್ಪಿದ ಹಾಂಗೆ ಆತು."

"ಹಾಗಾದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡುವ ಪಾದರಸದ್ದು ಅದೆಯಲ್ಲ. ಹೋಲಿಸಿ ನೋಡುವಾ."

"ಸರಿ ಇದೆ ಅಂತಾತು ಅನ್ನು. ಯಾರಿಗೆ ಹೇಳ್ತೆ? ಮನೆಮನೆಗೆ ಹೋಗ್ತ್ಯಾ?"

ಮುಂದಿನ ರಜೆಯಲ್ಲಿ ರೋಗಿಗಳ ಬೆಂಚು ಶೆಡ್ಡಿಗೆ ಬಂದಿತ್ತು. ಅದರ ಮೇಲೆ ಕಾರ್ಬೊರೇಟರಿನ ಬಿಡಿಭಾಗಗಳು. ದವಾಖಾನೆಯ ಎದುರಿನ ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಡಾಕ್ಟರು ಗಡಿಬಿಡಿಯಲ್ಲಿ ಕೈ ಒರೆಸಿಕೊಂಡು ಒಳಗೋಡುವರು. ಬಂದವರು ಯಾರದೋ ಮನೆಯ ದಾರಿ ಕೇಳಿ ಹೋಗುವರು. ಆ ವರ್ಷ ಓಟಕ್ಕೂ ಹೋಗಲಿಲ್ಲ. ಎಂಜಿನ್ ಅಷ್ಟು ಚೆನ್ನಾಗಿ ಹಿಂದೆಂದೂ ಓಡಿರಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ನಾನಿಲ್ಲದಾಗ ಯಾರಾದ್ರೂ ಬಂದ್ರೆ?"

ಆಮೇಲೆ ಎಂದೂ ಹೋಗಲಿಲ್ಲ. ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡಾಗ ನಾನು ಭಟ್ಕಳದಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ತಡವಾಗಿ ಬಂತು. ಹೋದಾಗ ಅವರ ತಂಗಿ ದವಾಖಾನೆ ಖಾಲಿ ಮಾಡಿಸುತ್ತಿದ್ದರು. ಕಾರು ಗುಜರಿಗೆ ಹೋಗಿಯಾಗಿತ್ತು. ಗಡಿಯಾರ ಕೇಳಿದೆ.

"ಕೆಟ್ಟುಹೋದದ್ದಂತೆ ಅಲ್ದಾ ಅದು. ಎಂತಕ್ಕೆ ನಿಮಗೆ?" ಎನ್ನುತ್ತ ಕೊಟ್ಟರು.

ಓಟದಲ್ಲಿ ಅವರು ಮೂರನೆಯವರೋ ನಾಲ್ಕನೆಯವರೋ ನನಗಿನ್ನೂ ಗೊತ್ತಿಲ್ಲ. ಗಡಿಯಾರವನ್ನು ಮಾತ್ರ ಕುಮಟೆಯ ವೈದ್ಯಮಿತ್ರನಲ್ಲಿಗೆ ಒಯ್ದು, ಪಾದರಸದ ಉಪಕರಣಕ್ಕೂ ಅದಕ್ಕೂ ಒಂದೇ ಕೊಳವೆ ಕೂಡಿಸಿ ನಿಧಾನವಾಗಿ ಗಾಳಿ ಒತ್ತಿದೆ. ಪಾದರಸ ನೂರೈವತ್ತಕ್ಕೆ ಏರಿದಾಗ ಮುಳ್ಳು ಆ ಕೆಂಪು ಗುರುತಿನ ಮೇಲೆಯೇ ನಿಂತಿತ್ತು.