ಖಾಲಿ ಡಬ್ಬಿ ಕೊಡಬಾರದು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಜೊತೆಗೆ ಊರಿಗೆಲ್ಲ ಬುದ್ಧಿ ಹೇಳುವ ಚಟ ಬೇರೆ. ಚಿತ್ತಾಪುರದ ಶಾಲೆಯಲ್ಲಿ ಪಾಠ ಹೇಳಿ ಹೇಳಿ ಬಂದದ್ದು. ಹೋದ ವರ್ಷ ನಾಗರಪಂಚಮಿಗೆ ಮುಂಚೆ ಸೇಡಂನ ನಮ್ಮ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಒಂದು ಕಟ್ಟಳೆ ಮಾಡಿದೆ. ಇನ್ನು ಹಬ್ಬಕ್ಕೆ ಬೇಕರಿಯ ರಟ್ಟಿನ ಡಬ್ಬ, ಪ್ಲಾಸ್ಟಿಕ್ ಹಾಳೆ ಬೇಡ. ಮನೆಯಲ್ಲಿ ಮಾಡಿದ್ದನ್ನು ಸ್ಟೀಲ್ ಡಬ್ಬಿಯಲ್ಲಿ ಕೊಡೋಣ, ಡಬ್ಬಿ ತಿರುಗಿ ಬರಲಿ. ನಮ್ಮಲ್ಲಿ ಬಂದ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಹಾಗಾಗಿ ಡಬ್ಬಿಗಳು ಮನೆಯಿಂದ ಮನೆಗೆ ಓಡಾಡತೊಡಗಿದವು. ದಸರೆ ದಾಟುವಷ್ಟರಲ್ಲಿ ಓಣಿಯ ಕಸ ಅರ್ಧಕ್ಕಿಳಿದಿತ್ತು. ನನಗೆ ಹೆಮ್ಮೆಯೋ ಹೆಮ್ಮೆ.

ಎದುರು ಮನೆಯ ಅಕ್ಕನಿಗೆ ಕೊಟ್ಟ ಡಬ್ಬಿಗಳು ಮಾತ್ರ ತಿರುಗಿ ಬರಲಿಲ್ಲ. ಅದೇ ವರ್ಷದ ಆಷಾಢದಲ್ಲಿ ಅವಳ ಗಂಡ ತೀರಿಕೊಂಡಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ದಸರೆ ಕಳೆದ ಮೇಲೆ ಬಾಗಿಲು ತೆರೆಯುವುದನ್ನೇ ಬಿಟ್ಟಿದ್ದಳು. ದೀಪಾವಳಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಕುರಕುಂಟಾದ ತಮ್ಮನ ಮನೆ ಸೇರುತ್ತಾಳೆ ಎಂಬ ಸುದ್ದಿಯಿತ್ತು. ನನಗೆ ಅದೇ ದಿಗಿಲು. ಓಣಿಯವರಿಗೆ ಡಬ್ಬಿಯ ಚಿಂತೆ. “ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಆಗ್ಯದ ನೋಡ್ರಿ,” ಎಂದು ನಳದ ಹತ್ತಿರ ಒಬ್ಬಾಕೆ ನನ್ನನ್ನೇ ಚುಚ್ಚಿದಳು. ಕಟ್ಟಳೆ ನನ್ನದಲ್ಲವೇ!

ದೀಪಾವಳಿ ಪಾಡ್ಯದ ಮಧ್ಯಾಹ್ನ ಚಕ್ಲಿ, ಬೇಸನ್ ಉಂಡಿ ತುಂಬಿದ ಡಬ್ಬಿ ಹಿಡಿದು ಹೋದೆ. ಬಾಗಿಲು ನಾಲ್ಕು ಬೆರಳಷ್ಟೇ ತೆರೆಯಿತು.

“ಸ್ಟೀಲ್ ಡಬ್ಬಿ ಬ್ಯಾಡ ತಂಗಿ. ಬೇಕರಿ ಡಬ್ಬದಾಗ ಇದ್ರ ಕೊಡು, ಇಲ್ಲಾಂದ್ರ ಹೋಗು.”

ಸಿಟ್ಟು ನನ್ನ ನೆತ್ತಿಗೇರಿತು. “ಅಲ್ಲಕ್ಕ, ಮಂದಿ ಡಬ್ಬಿ ಎಲ್ಲಾ ಇಟ್ಕೊಂಡು ಕುಂತೀರಿ. ಓಣ್ಯಾಗ ಏನೇನು ಮಾತಾಡ್ಲಿಕತ್ತಾರ ಗೊತ್ತದ ಏನು ನಿಮಗ?”

ಆಡಿದ ಮಾತನ್ನು ನುಂಗುವಂತಿದ್ದರೆ ಆಗಲೇ ನುಂಗುತ್ತಿದ್ದೆ. ಅಕ್ಕ ಬಾಗಿಲು ಪೂರ್ತಿ ತೆರೆದು ಒಳಗೆ ನಡೆದಳು. ಹಿಂದೆಯೇ ಹೋದೆ. ಅಡುಗೆಮನೆಯ ಪರಸಿ ಕಲ್ಲಿನ ಕಟ್ಟೆಯ ಮೇಲೆ ಏಳು ಡಬ್ಬಿಗಳು, ತಿಕ್ಕಿ ತೊಳೆದು ಬೋರಲು ಹಾಕಿದ್ದವು. ಪಂಚಮಿಯ ನನ್ನ ಡಬ್ಬಿಯೂ ಅವುಗಳಲ್ಲಿತ್ತು.

“ಖಾಲಿ ಹೆಂಗ ಕೊಡ್ಲಿ?” ಅಂದಳು. “ವರ್ಷ ತುಂಬೋತನ ನಾ ಎಣ್ಣಿ ಬಾಣಲಿ ಇಡಂಗಿಲ್ಲ, ಹಬ್ಬದ್ದು ಏನೂ ಕರಿಯಂಗಿಲ್ಲ. ಸಕ್ರಿ ಹಾಕಿ ಕೊಡ್ಬೇಕಂದ್ರ, ಸಾವಾದ ಮನಿ ಸಕ್ರಿ ಯಾರು ಬಾಯಿಗಿ ಹಾಕ್ಕೊಂತಾರ? ಮೂಲಿಮನಿ ಸೊಸಿ ಬಸರದಾಳ, ಅಕಿಗಿ ಏನಾರ ಆದ್ರ? ಬೇಕರಿ ಡಬ್ಬ ಇದ್ದಿದ್ರ ತಿಂದು ಒಗೀತಿದ್ದೆ. ಯಾರಿಗೂ ಮಾರಿ ತೋರ್ಸೋ ಪಾಳಿ ಬರ್ತಿರಲಿಲ್ಲ.”

ನನ್ನ ಕೈಯಲ್ಲಿದ್ದ ಎಂಟನೆಯ ಡಬ್ಬಿ ಭಾರವಾಯಿತು. ಅವಳನ್ನು ಈ ಓಣಿಯಿಂದ ಓಡಿಸುತ್ತಿದ್ದವಳು ನಾನೇ. ಒಂದು ಕಡೆ ಕಸ ಕಡಿಮೆ ಮಾಡಿದೆ, ಇನ್ನೊಂದು ಕಡೆ ದುಃಖದಲ್ಲಿದ್ದವಳ ತಲೆಯ ಮೇಲೆ ತೀರಿಸಲಾಗದ ಋಣ ಹೊರಿಸಿದೆ. ನೆಲದ ಮೇಲೆ ಕುಳಿತು ಡಬ್ಬಿಯ ಮುಚ್ಚಳ ತೆಗೆದೆ.

“ಸಾವಾದ ಮನ್ಯಾಗ ತಿನ್ನಬ್ಯಾಡ, ಹಬ್ಬದ ದಿನ ಅದ!” ಅಕ್ಕ ಗಾಬರಿಯಿಂದ ನನ್ನ ಕೈ ಹಿಡಿದಳು.

“ನನ್ನ ಡಬ್ಬಿ ನಾನೇ ಖಾಲಿ ಮಾಡಿ ನಾನೇ ಒಯ್ತೀನಿ. ಅದಕ್ಕ ಯಾವ ಶಾಸ್ತ್ರ ಅಡ್ಡ ಬರ್ತದ? ಕುಂದ್ರಿ, ಒಬ್ಬಳೇ ಇಷ್ಟು ತಿಂದ್ರ ನನಗ ಹೊಟ್ಟಿ ಕೆಡ್ತದ.”

ನಾನು ಚಕ್ಲಿ ಮುರಿದು ಬಾಯಿಗೆ ಹಾಕಿಕೊಂಡೆ. ಕೊನೆಗೆ ಅವಳೂ ಗೋಡೆ ಹಿಡಿದು ಎದುರಿಗೆ ಕುಳಿತಳು, ಒಂದು ಉಂಡಿ ತೆಗೆದುಕೊಂಡಳು. ಅರ್ಧ ತಿನ್ನುವಷ್ಟರಲ್ಲಿ ಕಣ್ಣೀರು ಇಳಿಯತೊಡಗಿತು.

“ನಾಕು ತಿಂಗಳಾತು ತಂಗಿ,” ಅಂದಳು. “ಎಲ್ಲಾರೂ ಡಬ್ಬಿ ಕೊಟ್ಟು ಹೋಗ್ಯಾರ. ಒಬ್ಬರೂ ನನ್ನ ಜೋಡಿ ಕುಂತು ತಿಂದಿಲ್ಲ.”

ಪಂಚಮಿಯ ದಿನ ನಾನೂ ಹೊಸ್ತಿಲಾಚೆಯೇ ನಿಂತು ಡಬ್ಬಿ ಅವಳ ಕೈಗಿಟ್ಟು, ಬೇರೆ ಮನೆಗಳಿಗೂ ಕೊಡುವುದಿದೆ ಎಂದು ಓಡಿದ್ದೆ.