ಅತ್ತೆಯನ್ನು ಬಿಟ್ಟು ಹೊರಟ ಬಸ್ಸು

ಯುದ್ಧದ ವರ್ಷಗಳಲ್ಲಿ ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರಕ್ಕೆ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು ನಮ್ಮದು. ನಮ್ಮ ಯಜಮಾನರೇ ಮಾಲೀಕರು, ಅವರೇ ಡ್ರೈವರು. ಯಾರಾದರೂ ಮನೆಯೊಳಗಿಂದ "ತಡಿಯಪ್ಪೋ, ಉಂಡು ಬತ್ತೀನಿ" ಎಂದು ಕೂಗಿದರೂ ಸಾಕು, ಬಸ್ಸು ಕಾಯುತ್ತಿತ್ತು.

ಆಮೇಲೆ ಬೆಂಗಳೂರಿನ ದೊಡ್ಡ ಕಂಪನಿಯೊಂದು ಅದೇ ದಾರಿಗೆ ಬಸ್ಸು ಬಿಟ್ಟಿತು. ಮೊದಲು ಅರ್ಧ ಚಾರ್ಜು, ಆಮೇಲೆ ಪುಕ್ಕಟೆ. ನಮ್ಮನ್ನು ಮುಗಿಸಿದ ಮೇಲೆ ಬೇಕಾದಷ್ಟು ಕೀಳಬಹುದಲ್ಲ! ನಮ್ಮೂರಿನವರೇ ನಮ್ಮೆದುರು ಮುಖ ತಿರುಗಿಸಿಕೊಂಡು ಅದನ್ನು ಹತ್ತುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಸರ್ಕಾರ ಎಲ್ಲ ಬಸ್ಸಿಗೂ ಒಂದೇ ಚಾರ್ಜು ಗೊತ್ತುಮಾಡಿತು. ಬದುಕಿದೆವು ಅಂದುಕೊಂಡರೆ, ಜೊತೆಗೇ ಟೈಮನ್ನೂ ಗೊತ್ತುಮಾಡಿತ್ತು. ತಪ್ಪಿದರೆ ಪರ್ಮಿಟ್ ರದ್ದು. ಕಂಪನಿಯವರು ದೂರು ಕೊಡುವುದಕ್ಕೆಂದೇ ಒಬ್ಬ ಏಜೆಂಟನನ್ನು ನಮ್ಮೂರ ಕಟ್ಟೆಯ ಮೇಲೆ ತಂದು ಕೂರಿಸಿದರು.

ಹೊಸ ಟೈಮಿನ ಮೊದಲ ದಿನ ನಾನು ಬಸ್ಸಿನೊಳಗಿದ್ದೆ. ಅತ್ತೆ ಅವರೆಕಾಯಿ ಕುಕ್ಕೆ ಹೊತ್ತು, ಮಗನ ಬಸ್ಸಲ್ಲವೇ ಎಂಬ ಧೈರ್ಯದಲ್ಲಿ ಬೀದಿಯಲ್ಲೇ ಯಾರ ಜೊತೆಗೋ ಹರಟುತ್ತಿದ್ದರು. ಟೈಮಾಯಿತು. ಬಸ್ಸು ಹೊರಟಿತು. ಅತ್ತೆ ಕೂಗುತ್ತಾ ಓಡಿಬಂದರು.

"ಅಯ್ಯೋ, ಅತ್ತೆ ಬರ್ತಾವ್ರೆ, ನಿಲ್ಸಿ!" ಎಂದೆ.

"ಟೈಮಾಯ್ತು, ಸುಮ್ನಿರು" ಎಂದರು ಯಜಮಾನರು. ಹಿಂದೆ ತಿರುಗಿ ನೋಡದೆ ಗೇರು ಬದಲಿಸಿದರು.

ದೊಡ್ಡಬಳ್ಳಾಪುರದಲ್ಲಿ ಕಂಪನಿ ಬಸ್ಸು ನಮ್ಮ ಹಿಂದೆಯೇ ಬಂತು. ಅದರಿಂದ ಏಜೆಂಟನೂ ಅತ್ತೆಯೂ ಇಳಿದರು. ಅವನು ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ: "ಹೆತ್ತವ್ವನ್ನೇ ಬೀದೀಲಿ ಬಿಟ್ಟು ಬಂದವ್ನೆ, ನೋಡ್ರಪ್ಪಾ!"

ಇನ್ನು ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಅತ್ತೆ ಕುಕ್ಕೆ ಇಳಿಸಿ, ಸೆರಗು ಸಿಕ್ಕಿಸಿಕೊಂಡು, ಅವನಿಗಿಂತ ದೊಡ್ಡ ಗಂಟಲಲ್ಲಿ ಹೇಳಿದರು:

"ಹೌದು ಕಣಪ್ಪಾ, ಬಿಟ್ಟೇ ಬಂದ. ನನಗೇ ನಿಲ್ಸದೋನು ಇನ್ಯಾರಿಗೆ ನಿಲ್ಸಾನು? ಟೈಮಿಗೆ ಸರಿಯಾಗಿ ಹೋಗ್ಬೇಕು ಅನ್ನೋರು ನನ್ನ ಮಗನ ಬಸ್ಸು ಹತ್ರಪ್ಪಾ!"

ಜನ ಗೊಳ್ಳೆಂದು ನಕ್ಕರು. ಏಜೆಂಟ ಮೆಲ್ಲಗೆ ಜಾಗ ಖಾಲಿ ಮಾಡಿದ. ಇಂಥ ಅತ್ತೆಯ ಸೊಸೆ ನಾನು ಎಂದು ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು.

ಸಂಜೆ ಬಸ್ಸು ಭರ್ತಿ. ಯಜಮಾನರು ಮಾತ್ರ ತಾಯಿಯ ಮುಖ ನೋಡಲಾರದೆ ಕೆಳಗೇ ನಿಂತಿದ್ದರು. ಎಲ್ಲರಿಗಿಂತ ಮುಂಚೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇನ್ನೂ ಯಾರಿಗ್ಲಾ ಕಾಯ್ತಿದೀಯ? ಟೈಮಾಯ್ತು, ಹೊರಡು. ನಿಮ್ಮವ್ವ ಒಳಗೇ ಅವ್ಳೆ."