ಕೂದಲಲ್ಲಿ ಸಿಕ್ಕ ಕಬ್ಬಿಣ

ನನ್ನ ಕೂದಲಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಐವತ್ತರ ಹತ್ತಿರ ಬಂದರೂ ಜಡೆ ಸೊಂಟ ಮುಟ್ಟುತ್ತದೆ. ಮದುವೆಮನೆಯಲ್ಲಿ ಯಾರಾದರೂ ಹೊಗಳಿದರೆ, 'ಈಗೆಲ್ಲಿ, ಎಲ್ಲಾ ಉದುರಿಹೋತು' ಅನ್ನುತ್ತಲೇ ಅದನ್ನು ಹೆಗಲ ಮೇಲಿಂದ ಮುಂದಕ್ಕೆಳೆದುಕೊಳ್ಳುತ್ತೇನೆ. ಅಂಥ ಕೂದಲು ನನ್ನ ಮೇಲೇ ಚಾಡಿ ಹೇಳೀತೆಂದು ಎಣಿಸಿರಲಿಲ್ಲ.

ಹೋದ ವರ್ಷ ನನಗೆ ವಿಪರೀತ ಆಯಾಸ ಶುರುವಾಯಿತು. ಹೊನ್ನಾವರದ ನಮ್ಮ ಶಾಲೆಯ ಮಹಡಿ ಹತ್ತಿ ಕ್ಲಾಸು ಸೇರುವಷ್ಟರಲ್ಲಿ ಏದುಸಿರು. ಮಕ್ಕಳು ಎದ್ದು ನಿಂತು ನಮಸ್ಕರಿಸುವಾಗ ನಾನು ಕುರ್ಚಿ ಹುಡುಕುತ್ತಿದ್ದೆ. ಭಟ್ಕಳದಲ್ಲಿರುವ ತಂಗಿ ಸುಧಾಗೆ ಫೋನಿನಲ್ಲಿ ಹೇಳಿದೆ.

"ಅಕ್ಕಾ, ಇಲ್ಲೊಂದು ಕಡೆ ಕೂದಲು ನೋಡಿಯೇ ಮೈಯಲ್ಲಿ ಯಾವ ಖನಿಜ ಎಷ್ಟಿದೆ ಅಂತ ಹೇಳ್ತಾರಂತೆ. ಸೂಜಿ ಚುಚ್ಚೂದೇ ಇಲ್ಲ" ಅಂದಳು.

ಸೂಜಿ ಇಲ್ಲವೆಂಬ ಒಂದೇ ಮಾತಿಗೆ ಸೋತು ಹೋದೆ. ಭಟ್ಕಳಕ್ಕೆ ಹೋದೆ; ಅಲ್ಲಿಯವರು ಕತ್ತಿನ ಹಿಂದಿಂದ ಒಂದಿಷ್ಟು ಕೂದಲು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕೆಲವು ವಾರದ ಮೇಲೆ ವರದಿ ಮೊಬೈಲಿಗೆ ಬಂತು. ಕಬ್ಬಿಣದ ಮುಂದೆ ಉದ್ದನೆಯ ಕೆಂಪು ಪಟ್ಟಿ: ಅತಿ ಹೆಚ್ಚು! ಹೆರಳನ್ನು ದುಂಬಿಗೂ ಮುಗಿಲಿಗೂ ಹೋಲಿಸಿದ ನಮ್ಮ ಹಳೆಯ ಕವಿಗಳಲ್ಲಿ ಒಬ್ಬರಿಗೂ ಅದಿರಿನ ಗಣಿ ಹೊಳೆದಿರಲಿಲ್ಲ.

ಆಮೇಲೆ ಮೊಬೈಲಿನಲ್ಲೇ ಓದಿದೆ. ಕಬ್ಬಿಣ ಹೆಚ್ಚಾದರೆ ಲಿವರ್ ಕೆಡುತ್ತದೆ, ಹೃದಯ ಕೆಡುತ್ತದೆ. ನನ್ನ ನಂತರ ಹತ್ತನೇ ತರಗತಿಗೆ ವ್ಯಾಕರಣ ಯಾರು ಮುಗಿಸುತ್ತಾರೆ ಎಂಬಲ್ಲಿಯವರೆಗೆ ಯೋಚಿಸಿದೆ. ಮನೆಯಲ್ಲಿ ಹರಿವೆ, ಬಸಳೆ ಬಂದ್. ಅಘನಾಶಿನಿಯ ಬಳಚು, ಅಂದರೆ ನಾನು ಪ್ರಾಣ ಬಿಡುವ ಚಿಪ್ಪುಮೀನು, ಅದೂ ಬಂದ್. ಆಯಾಸ ಮಾತ್ರ ಹೆಚ್ಚುತ್ತಲೇ ಹೋಯಿತು. ಒಂದು ದಿನ ಶಾಲೆಯ ಮೆಟ್ಟಿಲ ನಡುವೆಯೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ.

ಸುದ್ದಿ ಕೇಳಿ ನಮ್ಮನೆಯವರು ಮರುದಿನವೇ ಕುಮಟೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ವರದಿ ನೋಡಿ, "ತಲೆಗೆ ಎಂತ ನೀರು ಹಾಕ್ತೀರಿ?" ಎಂದರು.

"ಬಾವೀದು. ಬಕೆಟ್ಟೆಲ್ಲ ಕೆಂಪಾಗ್ತದೆ."

"ಅಂಥ ನೀರಲ್ಲಿ ತಲೆ ತೊಳೆದರೆ ಕೂದಲಿಗೆ ಕಬ್ಬಿಣ ಅಂಟದೆ ಬಂಗಾರ ಅಂಟ್ತದಾ? ಇದರ ಮೇಲೆ ಔಷಧಿ ಕೊಡೂಕಾಗೂದಿಲ್ಲ. ರಕ್ತ ಕೊಡಿ."

ಕೊನೆಗೂ ಸೂಜಿ ಚುಚ್ಚಿದರು. ಸ್ಕ್ಯಾನಿಂಗೂ ಆಯಿತು. ವರದಿ ಬಂದ ಮೇಲೆ ನಮ್ಮನೆಯವರೊಂದಿಗೆ ಮತ್ತೆ ಹೋದೆ. ಡಾಕ್ಟರಮ್ಮ ಕಾಗದಗಳನ್ನು ಮಡಚಿಟ್ಟು ನಕ್ಕರು. "ಲಿವರ್, ಹೃದಯ ಎಲ್ಲ ಸರಿ ಇದೆ. ತಿಂಗಳ ಸ್ರಾವ ಜಾಸ್ತಿಯಾಗಿ ರಕ್ತ ಕಡಿಮೆಯಾಗಿದೆ, ಈ ವಯಸ್ಸಿನಲ್ಲಿ ಆಗೂದೇ. ನಿಮ್ಮ ಮೈಯಲ್ಲಿ ಕಬ್ಬಿಣ ಹೆಚ್ಚಿಲ್ಲ ಮಾರಾಯ್ರೆ, ಸಾಲ್ತಾ ಇಲ್ಲ! ಮಾತ್ರೆ ತಗೊಳ್ಳಿ, ಬಿಟ್ಟದ್ದನ್ನೆಲ್ಲ ತಿನ್ನಿ."

ಹಿಂದಿರುಗುವಾಗ ಭಟ್ಕಳದ ಬಸ್ಸು ಸಿಕ್ಕಿತು. ಕಿಟಕಿ ಪಕ್ಕ ಕೂತದ್ದಷ್ಟೇ ನೆನಪು. ಕಣ್ಣು ಬಿಟ್ಟರೆ ನಾವು ಇಳಿಯಬೇಕಾದ ಹೊನ್ನಾವರ ಹಿಂದಾಗಿ, ಶರಾವತಿ ಸೇತುವೆಯೂ ದಾಟಿ, ಕಾಸರಕೋಡ ಬಂದಿತ್ತು. ಗಡಬಡಿಸಿ ಇಳಿದೆವು.

"ಎಬ್ಬಿಸೂಕೆ ಎಂತ ಆಗಿತ್ತು ನಿಮಗೆ?" ಎಂದು ರೇಗಿದೆ.

"ಎಷ್ಟೋ ದಿನದ ಮೇಲೆ ನೀನು ಹಾಂಗೆ ಮಲಗಿದ್ದು. ಮನಸ್ಸು ಬರ್ಲಿಲ್ಲ" ಎಂದರು.

ಒಣಮೀನಿನ ವಾಸನೆಯ ಗಾಳಿಯಲ್ಲಿ ತಿರುಗಿ ಹೋಗುವ ಬಸ್ಸಿಗೆ ಕಾಯುತ್ತ ನಿಂತೆವು. ಕಾಲು ಸೋಲುತ್ತಿತ್ತು, ರಕ್ತವೇನೂ ಒಂದೇ ದಿನಕ್ಕೆ ತುಂಬಿರಲಿಲ್ಲ. ಆದರೂ ಮೈ ಹಗುರ. ನಾನು ಇಷ್ಟು ದಿನ ಆಯಾಸ ಎಂದು ಹೊತ್ತು ತಿರುಗಿದ್ದರಲ್ಲಿ ಅರ್ಧಕ್ಕರ್ಧ ಹೆದರಿಕೆಯೇ ಇತ್ತೆಂದು ಆಗ ತಿಳಿಯಿತು.